ಹೊಸ ಕೇಂದ್ರ ಸಂಪುಟ: ಕುರ್ಚಿ ಯಾರಿಗೆ, ಕೀಲಿಕೈ ಯಾರ ಹತ್ತಿರ?

(ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕಿಟಕಿ ಸೀಟು (ಜೂನ್ 10, 2024, ರಾತ್ರಿ)

ಖಾತೆ ಪಟ್ಟಿ ಬಂತು. ಬಂದ ತಕ್ಷಣ ಮೇಲಿನ ಐದು ಹೆಸರು ಮಾತ್ರ ನೋಡಿದೆ. ಗೃಹ ಅಮಿತ್ ಶಾ, ರಕ್ಷಣೆ ರಾಜನಾಥ್ ಸಿಂಗ್, ಹಣಕಾಸು ನಿರ್ಮಲಾ ಸೀತಾರಾಮನ್, ವಿದೇಶಾಂಗ ಜೈಶಂಕರ್, ಹೆದ್ದಾರಿ ನಿತಿನ್ ಗಡ್ಕರಿ. ಮತ್ತೆ ಒಂದು ಸಲ ಓದಿದೆ, ಹಳೆ ಪಟ್ಟಿ ಯಾರೋ ಫಾರ್ವರ್ಡ್ ಮಾಡಿದ್ದಾರಾ ಅಂತ. ಅಲ್ಲ, ಹೊಸದೇ.

ವಾರವಿಡೀ ಟಿವಿಯಲ್ಲಿ ಏನು ಹೇಳಿದರು? ಬಿಜೆಪಿಗೆ ಬಂದಿರುವುದು 240, ಬಹುಮತಕ್ಕೆ 272 ಬೇಕು, ಟಿಡಿಪಿಯ 16 ಮತ್ತು ಜೆಡಿಯುನ 12 ಇಲ್ಲದೆ ಸರ್ಕಾರ ನಿಲ್ಲಲ್ಲ, ಹಾಗಾಗಿ ನಿತೀಶ್ ರೈಲ್ವೆ ಕೇಳ್ತಾರೆ, ಚಂದ್ರಬಾಬು ಸ್ಪೀಕರ್ ಕುರ್ಚಿ ಕೇಳ್ತಾರೆ, ಬಿಜೆಪಿ ಕೊಡದೆ ಬೇರೆ ದಾರಿ ಇಲ್ಲ ಅಂತ. ಈಗ ನೋಡಿದರೆ ರೈಲ್ವೆ ಅಶ್ವಿನಿ ವೈಷ್ಣವ್ ಅವರ ಹತ್ತಿರವೇ ಉಳಿದಿದೆ, ಜೊತೆಗೆ ವಾರ್ತಾ ಮತ್ತು ಐಟಿ ಬೇರೆ.

ನನ್ನ ಪ್ರಶ್ನೆ ಸರಳ. ಇದನ್ನು ಹೊಸ ಸರ್ಕಾರ ಅನ್ನಬೇಕಾ? ಮತ್ತೆ ನಮ್ಮ ಕರ್ನಾಟಕದ ಐದು ಮಂತ್ರಿಗಳಲ್ಲಿ (ನಿರ್ಮಲಾ ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು, ಅವರನ್ನೂ ಸೇರಿಸಿದ್ದೇನೆ) ನಿಜವಾಗಿ ಯಾರ ಮಾತು ನಡೆಯುತ್ತೆ? ಯಾರನ್ನೂ ಕೇಳದೆ ಯಾರು ಎಷ್ಟು ಸಹಿ ಹಾಕಬಹುದು ಅಂತ ಒಂದು ಪಟ್ಟಿ ಮಾಡಬೇಕು ಅಂದುಕೊಂಡಿದ್ದೇನೆ.

ಪಕ್ಕಾ ಲೆಕ್ಕ

ಮೊದಲು ಅಂಕಿ ಸರಿಯಾಗಿ ಇಟ್ಟುಕೊಳ್ಳೋಣ. ನಿನ್ನೆ ಪ್ರಮಾಣವಚನ ತೆಗೆದುಕೊಂಡವರು ಪ್ರಧಾನಿ ಸೇರಿ 72 ಜನ. ಸಂಪುಟ ದರ್ಜೆ 30, ಸ್ವತಂತ್ರ ಹೊಣೆಯ (ಮೇಲೆ ಸಂಪುಟ ಸಚಿವರಿಲ್ಲದೆ ಖಾತೆ ನೋಡಿಕೊಳ್ಳುವ) ರಾಜ್ಯ ಸಚಿವರು 5, ಬರೀ ರಾಜ್ಯ ಸಚಿವರು 36. ಸಂವಿಧಾನದ 91ನೇ ತಿದ್ದುಪಡಿ ಬಂದ ಮೇಲೆ ಲೋಕಸಭೆಯ ಒಟ್ಟು ಸದಸ್ಯರ ಶೇ. 15ಕ್ಕಿಂತ ಜಾಸ್ತಿ ಮಂತ್ರಿಗಳು ಇರುವ ಹಾಗಿಲ್ಲ, ಅಂದರೆ 81. ಇನ್ನೂ 9 ಜಾಗ ಖಾಲಿ ಇಟ್ಟಿದ್ದಾರೆ. ಆ ಒಂಬತ್ತು ಮರೆತು ಖಾಲಿ ಬಿಟ್ಟದ್ದಲ್ಲ. ಮುನಿಸಿಕೊಂಡವರಿಗೆ ತೋರಿಸಲು ಒಂದು ಬಾಗಿಲು ತೆರೆದಿರಬೇಕಲ್ಲ.

ಅಜಿತ್ ಪವಾರ್ ಪಕ್ಷದ ಪ್ರಫುಲ್ ಪಟೇಲ್ ಅವರಿಗೆ ಸ್ವತಂತ್ರ ಹೊಣೆ ಕೊಡ್ತೀವಿ ಅಂದರು, ಅವರು ಬೇಡ ಅಂದರು. ಮನಮೋಹನ್ ಸಿಂಗ್ ಕಾಲದಲ್ಲೇ ಸಂಪುಟ ದರ್ಜೆಯಲ್ಲಿ ಕೂತವರು, ಈಗ ಒಂದು ಮೆಟ್ಟಿಲು ಕೆಳಗೆ ಯಾಕೆ ಕೂರ್ತಾರೆ?

ಚುರುಮುರಿ

ಹೊಸ ಸರ್ಕಾರ ಅಲ್ಲ ಸ್ವಾಮಿ, ಹಳೆ ಮನೆಗೆ ಸುಣ್ಣ. ಎರಡು ರೂಮು ಬಾಡಿಗೆಗೆ ಕೊಟ್ಟಿದ್ದಾರೆ ಅಷ್ಟೇ. ಅಡುಗೆಮನೆ, ದೇವರಮನೆ, ಬೀರು ಇರುವ ಕೋಣೆ ಎಲ್ಲ ಮಾಲೀಕರದ್ದೇ.

ನಿವೃತ್ತ ಗುಮಾಸ್ತ

ಚುರುಮುರಿ ತಮಾಷೆಗೆ ಹೇಳಿದ್ದು ನಿಜಕ್ಕೆ ಹತ್ತಿರ ಇದೆ. ನಾನು ದೆಹಲಿಯಲ್ಲಿ ಒಂದು ಸಚಿವಾಲಯದಲ್ಲಿ ಬಹಳ ವರ್ಷ ಕಡತ ಹೊತ್ತವನು. ಯಾವ ಸಚಿವಾಲಯ ಅಂತ ಕೇಳಬೇಡಿ. ಹೊರಗಿನವರು ಮಂತ್ರಿಯ ದೊಡ್ಡತನವನ್ನು ಖಾತೆಯ ಹೆಸರಿನಿಂದ ಅಳೆಯುತ್ತಾರೆ. ಒಳಗಿನವರು ಅಳೆಯುವುದು ಬೇರೆ ರೀತಿ: ಈ ಕಡತ ಇಲ್ಲಿಂದ ಎಲ್ಲಿಗೆ ಹೋಗುತ್ತೆ, ಎಷ್ಟು ಮೇಜು ದಾಟಬೇಕು, ಎಲ್ಲಿ ನಿಲ್ಲುತ್ತೆ.

ಒಂದು ಮಂತ್ರಿಗೆ ಹೊಸ ಯೋಜನೆ ಮಾಡಬೇಕು ಅಂತ ಆಸೆ ಬಂತು ಅಂದುಕೊಳ್ಳಿ. ದೊಡ್ಡ ಹಣದ ಮಾತು ಬಂದ ಕೂಡಲೇ ಕಡತ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಗೆ ಹೋಗಬೇಕು. ಅಲ್ಲಿ ಒಪ್ಪದಿದ್ದರೆ ಸಂಪುಟದ ಬಾಗಿಲಿಗೂ ಅದು ಸುಲಭಕ್ಕೆ ಬರಲ್ಲ. ಅದಕ್ಕೇ ನಮ್ಮ ಕಾಲದಲ್ಲಿ ಮಂತ್ರಿಗಳು ಒಬ್ಬರಿಗೊಬ್ಬರು ಎಷ್ಟೇ ಜಗಳವಾಡಿದರೂ ಹಣಕಾಸು ಮಂತ್ರಿ ಹತ್ತಿರ ಮಾತ್ರ ಮೆತ್ತಗೆ ಮಾತಾಡುತ್ತಿದ್ದರು.

ಎರಡನೆಯದು ಇನ್ನೂ ಮುಖ್ಯ. ಒಬ್ಬ ಸಚಿವನಿಗೆ ತನ್ನ ಇಲಾಖೆಯ ಕಾರ್ಯದರ್ಶಿಯನ್ನು ತಾನೇ ಆರಿಸಿಕೊಳ್ಳುವ ಅಧಿಕಾರ ಇಲ್ಲ. ಅದನ್ನು ಮಾಡುವುದು ಸಂಪುಟದ ನೇಮಕಾತಿ ಸಮಿತಿ. ಅದರಲ್ಲಿ ಇರುವವರು ಇಬ್ಬರೇ, ಪ್ರಧಾನಿ ಮತ್ತು ಗೃಹ ಸಚಿವರು. ಸಿಬ್ಬಂದಿ ಖಾತೆ ಪ್ರಧಾನಿ ಹತ್ತಿರವೇ ಇದೆ, ಸಿಬಿಐ ಕೂಡ ಅದೇ ಖಾತೆಯ ಕೆಳಗೆ ಬರುತ್ತೆ. ಪಟ್ಟಿಯ ಮೊದಲ ಸಾಲು ಯಾರೂ ಓದಲ್ಲ, ಓದಿ ನೋಡಿ: ಸಿಬ್ಬಂದಿ, ಅಣುಶಕ್ತಿ, ಬಾಹ್ಯಾಕಾಶ, ಎಲ್ಲ ಮುಖ್ಯ ನೀತಿ ವಿಷಯಗಳು, ಮತ್ತು ಯಾರಿಗೂ ಹಂಚದೆ ಉಳಿದ ಖಾತೆಗಳು. ಇಷ್ಟೂ ಪ್ರಧಾನಿಗೆ. 'ಎಲ್ಲ ಮುಖ್ಯ ನೀತಿ ವಿಷಯಗಳು' ಅಂದ ಮೇಲೆ ಇನ್ನು ಏನು ಉಳಿಯಿತು ಹೇಳಿ.

ಓದುಗಿ

ಗುಮಾಸ್ತರಿಗೆ ಒಂದು ಸಣ್ಣ ಸೇರ್ಪಡೆ. ಇದೆಲ್ಲ ನಡೆಯುವುದು 1961ರ ಎರಡು ನಿಯಮಾವಳಿಗಳ ಮೇಲೆ. ಯಾವ ಕೆಲಸ ಯಾವ ಸಚಿವಾಲಯಕ್ಕೆ ಅಂತ ಒಂದು, ಯಾವ ತೀರ್ಮಾನ ಯಾವ ಹಂತದಲ್ಲಿ ಅಂತ ಇನ್ನೊಂದು. ಎರಡನೆಯದರಲ್ಲಿ ನಿಯಮ 12 ಅಂತ ಒಂದಿದೆ. ಅಗತ್ಯ ಬಿದ್ದರೆ ಪ್ರಧಾನಿ ಆ ನಿಯಮಗಳನ್ನೇ ಬದಿಗಿಟ್ಟು ತೀರ್ಮಾನ ತಗೊಳ್ಳಬಹುದು, ಸಂಪುಟ ಆಮೇಲೆ ಒಪ್ಪಿದರೆ ಆಯಿತು. 2019ರ ನವೆಂಬರಿನಲ್ಲಿ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆಯನ್ನು ಬೆಳಗಾಗುವಷ್ಟರಲ್ಲಿ ತೆಗೆದದ್ದು ಇದೇ ನಿಯಮದಿಂದ. ಬೆಳಿಗ್ಗೆ ಎದ್ದಾಗ ಫಡ್ನವೀಸ್ ಮುಖ್ಯಮಂತ್ರಿ.

ಸಂವಿಧಾನದಲ್ಲಿ 'ಹಿರಿಯ ಸಚಿವ' ಅಂತ ಯಾವ ಹುದ್ದೆಯೂ ಇಲ್ಲ. ಉಪಪ್ರಧಾನಿ ಅನ್ನುವುದೂ ಇಲ್ಲ. 1989ರಲ್ಲಿ ವಿ.ಪಿ. ಸಿಂಗ್ ಜೊತೆ ದೇವಿಲಾಲ್ ಪ್ರಮಾಣ ತೆಗೆದುಕೊಳ್ಳುವಾಗ ರಾಷ್ಟ್ರಪತಿ ವೆಂಕಟರಾಮನ್ 'ಮಂತ್ರಿ' ಅಂತ ಓದಿಸಿದರೆ ಇವರು 'ಉಪಪ್ರಧಾನಮಂತ್ರಿ' ಅಂದರು. ರಾಷ್ಟ್ರಪತಿ ತಿದ್ದಿದರೂ ಮತ್ತೆ ಅದೇ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಬರೀ ವಿವರಣೆಯ ಪದ, ಅಧಿಕಾರದ ಮಟ್ಟಿಗೆ ಅವರು ಉಳಿದ ಮಂತ್ರಿಗಳ ಹಾಗೇ ಒಬ್ಬ ಮಂತ್ರಿ ಅಂತ ಕೋರ್ಟ್ ಹೇಳಿತು.

ಚುರುಮುರಿ

ದೇವಿಲಾಲ್ ಕಥೆಗೆ ಒಂದು ಲೈಕ್. ಮದುವೆ ಮನೆಯಲ್ಲಿ ಪುರೋಹಿತರು ಹೇಳಿದ ಮಂತ್ರ ಬಿಟ್ಟು ವರ ತನಗೆ ಬೇಕಾದ್ದು ಹೇಳಿದ ಹಾಗೆ.

ಕಿಟಕಿ ಸೀಟು

ಸರಿ, ಸಂವಿಧಾನದಲ್ಲಿ ಇಲ್ಲ. ಆದರೆ ಲೋಕದಲ್ಲಿ ಇದೆಯಲ್ಲ? ನಿನ್ನೆ ಪ್ರಮಾಣವಚನದ ಕ್ರಮ ಬರೆದುಕೊಂಡಿದ್ದೇನೆ. ಮೋದಿ, ರಾಜನಾಥ್, ಶಾ, ಗಡ್ಕರಿ, ನಡ್ಡಾ, ಶಿವರಾಜ್ ಸಿಂಗ್ ಚೌಹಾಣ್, ನಿರ್ಮಲಾ, ಜೈಶಂಕರ್, ಮನೋಹರ್ ಲಾಲ್ ಖಟ್ಟರ್, ಆಮೇಲೆ ನಮ್ಮ ಕುಮಾರಸ್ವಾಮಿ. ಪೀಯೂಷ್ ಗೋಯಲ್ ಅವರಿಗಿಂತ ಮೊದಲು! ಮಿತ್ರಪಕ್ಷಗಳಲ್ಲಿ ಮೊದಲ ಹೆಸರು ಎರಡೇ ಸಂಸದರಿರುವ ಜೆಡಿಎಸ್‌ನದು. ಅದಕ್ಕೇನೂ ಬೆಲೆ ಇಲ್ವಾ?

ಪಕ್ಕಾ ಲೆಕ್ಕ

ಬೆಲೆ ಇದೆ, ಆದರೆ ಅದು ಮಾಜಿ ಮುಖ್ಯಮಂತ್ರಿ ಅನ್ನುವ ಗೌರವದ ಬೆಲೆ. ಈ ಸಂಪುಟದಲ್ಲಿ ಮಾಜಿ ಮುಖ್ಯಮಂತ್ರಿಗಳು ಎಷ್ಟು ಜನ ನೋಡಿ: ಮೋದಿಯವರೇ, ರಾಜನಾಥ್, ಚೌಹಾಣ್, ಖಟ್ಟರ್, ಕುಮಾರಸ್ವಾಮಿ, ಜಿತನ್ ರಾಮ್ ಮಾಂಝಿ, ಸೋನೊವಾಲ್. ಏಳು ಜನ. ಒಂದು ರಾಜ್ಯವನ್ನೇ ನಡೆಸಿದವರು ಈಗ ಒಂದು ಸಚಿವಾಲಯದ ಕಡತ ಹಿಡಿದು ಇನ್ನೊಬ್ಬರ ಒಪ್ಪಿಗೆಗೆ ಕಾಯಬೇಕು. ಚೌಹಾಣ್ ಹೆಚ್ಚುಕಮ್ಮಿ ಹದಿನಾರೂವರೆ ವರ್ಷ ಮಧ್ಯಪ್ರದೇಶ ಆಳಿದವರು. ಅವರಿಗೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಎರಡೂ ಕೊಟ್ಟಿದ್ದು ಮಾತ್ರ ದೊಡ್ಡ ಬದಲಾವಣೆ. ಸೀಟು ಹೋದದ್ದು ಹಳ್ಳಿಗಳಲ್ಲಿ ಅಂತ ಬಿಜೆಪಿಗೂ ಗೊತ್ತಿದೆ. ಕಿಟಕಿ ಸೀಟು ಅವರ 'ಏನೂ ಬದಲಾಗಿಲ್ಲ' ಮಾತು ಇಲ್ಲಿ ಸ್ವಲ್ಪ ತಪ್ಪು.

ಮಲೆನಾಡ ಮಳೆ

ಭದ್ರಾವತಿಯಿಂದ ಬರೀತಿದ್ದೇನೆ. ನಿಮಗೆಲ್ಲ ಇದು ಆಟ, ನಮಗೆ ಇದು ಮನೆ ವಿಷಯ. ಕುಮಾರಸ್ವಾಮಿಗೆ ಉಕ್ಕು ಮತ್ತು ಭಾರಿ ಕೈಗಾರಿಕೆ ಅಂತ ಬಂದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಕೃಷಿ ಸಿಗಲಿಲ್ಲ ಅಂತ ಮಂಡ್ಯದವರಿಗೆ ಬೇಜಾರಿರಬಹುದು, ನಮಗಿಲ್ಲ.

ನಮ್ಮದು ವಿಶ್ವೇಶ್ವರಯ್ಯನವರ ಕಾಲದ ಉಕ್ಕಿನ ಕಾರ್ಖಾನೆ. 1923ರಲ್ಲಿ ಶುರುವಾದದ್ದು. ನೂರು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ, 2023ರ ಜನವರಿಯಲ್ಲಿ, ಅದನ್ನು ನಡೆಸುವ ಕೇಂದ್ರದ ಉಕ್ಕು ಕಂಪನಿ ಸೇಲ್ (SAIL), ಅದರ ಆಡಳಿತ ಮಂಡಳಿ ಮುಚ್ಚುವ ತೀರ್ಮಾನ ಮಾಡಿತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಗೇಟಿನ ಮುಂದೆ ಕೂತರು. ನನ್ನ ಸೋದರಮಾವನೂ ಕೂತಿದ್ದ. ಆಗ ಎಷ್ಟು ಜನ ರಾಜಕಾರಣಿಗಳು ಬಂದು ಹೋದರು, ಎಲ್ಲರೂ 'ದೆಹಲಿಯಲ್ಲಿ ಮಾತಾಡ್ತೀನಿ' ಅಂದರು. ಈಗ ದೆಹಲಿಯಲ್ಲಿ ಮಾತಾಡಬೇಕಾದ ಆ ಕುರ್ಚಿಯಲ್ಲೇ ನಮ್ಮವರು ಕೂತಿದ್ದಾರೆ. ಇನ್ನು ಯಾರಿಗೆ ಹೇಳ್ತಾರೆ 'ಮಾತಾಡ್ತೀನಿ' ಅಂತ?

ಗುಮಾಸ್ತರೇ, ಒಂದು ನೇರ ಪ್ರಶ್ನೆ. ಉಕ್ಕು ಸಚಿವರು ಮನಸ್ಸು ಮಾಡಿದರೆ ಕಾರ್ಖಾನೆ ಉಳಿಯುತ್ತಾ?

ನಿವೃತ್ತ ಗುಮಾಸ್ತ

ಸುಳ್ಳು ಭರವಸೆ ಕೊಡಲ್ಲ. ಮುಚ್ಚುವುದನ್ನು ತಡೆಯಬಹುದು. ತಡೆಯುವುದಕ್ಕೆ ದುಡ್ಡು ಬೇಡ, ಕಡತವನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಸಾಕು. ಆದರೆ ಕಾರ್ಖಾನೆಗೆ ಜೀವ ಬರಬೇಕು ಅಂದರೆ ಸಾವಿರಾರು ಕೋಟಿ ಹೂಡಬೇಕು, ಸ್ವಂತ ಅದಿರಿನ ಗಣಿ ಬೇಕು. ಹೂಡಿಕೆ ಅಂದ ಕೂಡಲೇ ಸೇಲ್ ಆಡಳಿತ ಮಂಡಳಿ ಒಪ್ಪಬೇಕು, ಹಣಕಾಸು ಒಪ್ಪಬೇಕು, ದೊಡ್ಡದಾದರೆ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಒಪ್ಪಬೇಕು. ಗಣಿ ಅಂದರೆ ಗಣಿ ಸಚಿವಾಲಯ, ಪರಿಸರ ಸಚಿವಾಲಯ, ಆಮೇಲೆ ರಾಜ್ಯದ ಅರಣ್ಯ ಇಲಾಖೆ. ಒಂದು ಸಹಿ ಅವರದು, ಉಳಿದವೆಲ್ಲ ಬೇರೆಯವರದು.

ಅದಕ್ಕೇ ಹೇಳಿದ್ದು, ಅವರಿಗೆ ಯಾವ ಖಾತೆ ಸಿಕ್ಕಿತು ಅನ್ನುವುದಕ್ಕಿಂತ ಯಾವ ಸಮಿತಿಯಲ್ಲಿ ಕೂರಿಸ್ತಾರೆ ಅಂತ ಕಾದು ನೋಡಿ. ಸಮಿತಿ ಪಟ್ಟಿ ಇನ್ನೂ ಬಂದಿಲ್ಲ.

ಬಯಲುಸೀಮೆ

ಚಿತ್ರದುರ್ಗ ಜಿಲ್ಲೆಯವನು ನಾನು. ನಮ್ಮ ಕಡೆಯ ವಿಷಯವನ್ನೂ ಹೇಳಲೇಬೇಕು. ಸೋಮಣ್ಣ ಅವರಿಗೆ ಜಲಶಕ್ತಿ ಮತ್ತು ರೈಲ್ವೆ, ಎರಡರಲ್ಲೂ ರಾಜ್ಯ ಸಚಿವ. ಕೇಳಿದರೆ ನಮಗೋಸ್ಕರ ಹೊಲಿಸಿದ ಅಂಗಿ ಹಾಗಿದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಬೇಕು, ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ರೈಲು ಬೇಕು. ಎರಡೂ ಅವರ ಖಾತೆ.

ಆದರೆ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ 2023ರ ಫೆಬ್ರವರಿ ಬಜೆಟ್ಟಿನಲ್ಲಿ ಹಣಕಾಸು ಸಚಿವರೇ ಓದಿದ್ದು. ಕರ್ನಾಟಕದಿಂದ ಆಯ್ಕೆಯಾದ ಹಣಕಾಸು ಸಚಿವರು, ಕರ್ನಾಟಕದ ಯೋಜನೆಗೆ, ಪಾರ್ಲಿಮೆಂಟಿನಲ್ಲಿ. ಇದಕ್ಕಿಂತ ಗಟ್ಟಿ ಮಾತು ಇನ್ನೇನು ಬೇಕು? ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ಇವತ್ತಿಗೂ ಹೇಳ್ತಾನೇ ಇದೆ. ಸಂಪುಟದ ಮೊದಲ ಸಾಲಲ್ಲಿ ಕೂತವರು ಓದಿದ ಸಾಲೇ ನಮ್ಮ ಕಾಲುವೆಗೆ ಇಳಿಯಲಿಲ್ಲ, ಇನ್ನು ಕೊನೆ ಸಾಲಿನ ರಾಜ್ಯ ಸಚಿವರು ಏನು ಇಳಿಸ್ತಾರೆ? ಸೋಮಣ್ಣ ಅವರ ಮೇಲೆ ಕೋಪದಿಂದ ಹೇಳ್ತಿಲ್ಲ. ಮನುಷ್ಯ ಓಡಾಡ್ತಾರೆ, ಅದು ಗೊತ್ತು.

ಓದುಗಿ

ರಾಜ್ಯ ಸಚಿವರ ಕಷ್ಟ ಏನು ಅಂದರೆ, ಅವರಿಗೆ ಯಾವ ಕೆಲಸ ಕೊಡಬೇಕು ಅನ್ನುವುದನ್ನು ಅವರ ಮೇಲಿನ ಸಂಪುಟ ಸಚಿವರು ನಿರ್ಧರಿಸ್ತಾರೆ. ಜಲಶಕ್ತಿಯಲ್ಲಿ ಮೇಲೆ ಸಿ.ಆರ್. ಪಾಟೀಲ್, ರೈಲ್ವೆಯಲ್ಲಿ ವೈಷ್ಣವ್. ಸಂಪುಟ ಸಭೆಗೆ ಕರೆದರೆ ಮಾತ್ರ ಹೋಗಬೇಕು. ಶೋಭಾ ಕರಂದ್ಲಾಜೆ ಅವರದ್ದೂ ಇದೇ ಸ್ಥಿತಿ, ಸಣ್ಣ ಕೈಗಾರಿಕೆ ಮಾಂಝಿ ಕೆಳಗೆ, ಕಾರ್ಮಿಕ ಮನ್ಸುಖ್ ಮಾಂಡವೀಯ ಕೆಳಗೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. 72ರಲ್ಲಿ ಹೆಂಗಸರು 7 ಜನ. ಸಂಪುಟ ದರ್ಜೆಯಲ್ಲಿ ಇಬ್ಬರೇ, ನಿರ್ಮಲಾ ಮತ್ತು ಅನ್ನಪೂರ್ಣಾ ದೇವಿ. ಮಹಿಳಾ ಮೀಸಲಾತಿ ಮಸೂದೆ ಪಾಸಾಗಿ ಇನ್ನೂ ಒಂದು ವರ್ಷ ಆಗಿಲ್ಲ. ಮುಸ್ಲಿಂ ಸಮುದಾಯದಿಂದ ಒಬ್ಬರೂ ಇಲ್ಲ. ಮೊದಲ ಸಾಲಿನ ಲೆಕ್ಕ ಹಾಕುವಾಗ ಸಾಲಲ್ಲೇ ಇಲ್ಲದವರನ್ನೂ ಎಣಿಸಬೇಕು ಅಲ್ವಾ.

ಪಕ್ಕಾ ಲೆಕ್ಕ

ಒಪ್ಪಿದೆ. 1947ರ ಮೊದಲ ಸಂಪುಟದಲ್ಲಿ ಇದ್ದದ್ದು ಸುಮಾರು 15 ಜನ. ಕಾಂಗ್ರೆಸ್ಸಿನವರೇ ಅಲ್ಲದ ಅಂಬೇಡ್ಕರ್ ಕಾನೂನು, ಶ್ಯಾಮಾಪ್ರಸಾದ್ ಮುಖರ್ಜಿ ಕೈಗಾರಿಕೆ, ಷಣ್ಮುಖಂ ಚೆಟ್ಟಿ ಹಣಕಾಸು. ಬಹುಮತಕ್ಕೆ ಯಾರ ಹಂಗೂ ಇಲ್ಲದಿದ್ದಾಗಲೂ ಹಣಕಾಸನ್ನೇ ಹೊರಗಿನವರ ಕೈಗೆ ಕೊಟ್ಟಿದ್ದರು. ಈಗ ಹಂಗಿದ್ದರೂ ಕೊಟ್ಟಿಲ್ಲ.

ಹಳೇ ಜನತಾ (ಜೂನ್ 11)

ತಡವಾಗಿ ಬಂದೆ. ಸಮ್ಮಿಶ್ರ ಸರ್ಕಾರ ಅಂದರೆ ಏನು ಅಂತ ನೋಡಬೇಕಿದ್ದರೆ 1996 ನೋಡಬೇಕು. ಹದಿಮೂರು ಪಕ್ಷ, ನಮ್ಮ ದೇವೇಗೌಡರು ಪ್ರಧಾನಿ. ಗೃಹ ಖಾತೆ ಸಿಪಿಐನ ಇಂದ್ರಜಿತ್ ಗುಪ್ತ ಅವರಿಗೆ, ಒಬ್ಬ ಕಮ್ಯುನಿಸ್ಟ್ ದೇಶದ ಗೃಹ ಸಚಿವ ಆದದ್ದು ಅದೇ ಮೊದಲು. ರಕ್ಷಣೆ ಮುಲಾಯಂ ಸಿಂಗ್, ಹಣಕಾಸು ತಮಿಳು ಮಾನಿಲ ಕಾಂಗ್ರೆಸ್ಸಿನ ಚಿದಂಬರಂ, ವಿದೇಶಾಂಗ ಗುಜ್ರಾಲ್. ನಾಲ್ಕು ದೊಡ್ಡ ಖಾತೆಯಲ್ಲಿ ಮೂರು ಪ್ರಧಾನಿಯ ಪಕ್ಷದ ಹೊರಗೆ. ಅಲ್ಲಿ ಪ್ರಧಾನಿ ನಿಜವಾಗಿಯೂ ಎಲ್ಲರ ಮಾತು ಕೇಳಬೇಕಿತ್ತು.

ಮತ್ತೆ ವಾಜಪೇಯಿ ಕಾಲಕ್ಕೆ ಬನ್ನಿ. ರಕ್ಷಣಾ ಖಾತೆ ಸಮತಾ ಪಕ್ಷದ ಜಾರ್ಜ್ ಫರ್ನಾಂಡಿಸ್ ಅವರಿಗೆ, ಮಂಗಳೂರಿನವರು. ನಿತೀಶ್ ರೈಲ್ವೆ. ಈಗ ಅದೇ ಮೈತ್ರಿಕೂಟದ ಹೆಸರು, ಆದರೆ ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ನಾಲ್ಕೂ ಒಂದೇ ಪಕ್ಷಕ್ಕೆ. ಎಲ್.ಕೆ. ಅಡ್ವಾಣಿ ಗೃಹದಲ್ಲಿ ಕೂತಿದ್ದಾಗಲೂ ಮಿತ್ರರಿಗೆ ಒಂದು ದೊಡ್ಡ ಕುರ್ಚಿ ಇತ್ತು.

ಪಕ್ಕಾ ಲೆಕ್ಕ

ಅಣ್ಣಾ, 1996ರ ಸರ್ಕಾರ ಎಷ್ಟು ದಿನ ಇತ್ತು ಅನ್ನುವುದನ್ನೂ ಬರೀರಿ. ಜೂನ್ 1ಕ್ಕೆ ಬಂದದ್ದು ಮುಂದಿನ ಏಪ್ರಿಲ್ 21ಕ್ಕೆ ಹೋಯಿತು. ಎಲ್ಲರಿಗೂ ದೊಡ್ಡ ಕುರ್ಚಿ ಕೊಟ್ಟರೂ ಹೊರಗೆ ನಿಂತ ಕಾಂಗ್ರೆಸ್ ಬೆಂಬಲ ತೆಗೆದಾಗ ಯಾವ ಕುರ್ಚಿಯೂ ಉಳಿಸಲಿಲ್ಲ. ಮನಮೋಹನ್ ಸಿಂಗ್ ಕಾಲದಲ್ಲಿ ಕಾಂಗ್ರೆಸ್ ಆ ನಾಲ್ಕನ್ನೂ ತನ್ನ ಹತ್ತಿರವೇ ಇಟ್ಟುಕೊಂಡಿತ್ತು. ಮಿತ್ರರಿಗೆ ಕೃಷಿ, ರೈಲ್ವೆ, ದೂರಸಂಪರ್ಕ. ಹತ್ತು ವರ್ಷ ನಡೆಯಿತು. ಮೋದಿ ಅನುಸರಿಸಿರುವುದು ಆ ದಾರಿಯನ್ನೇ, ಬರೀ ಮಿತ್ರರ ಪಾಲನ್ನು ಇನ್ನೂ ಸಣ್ಣದು ಮಾಡಿದ್ದಾರೆ. ಟಿಡಿಪಿಯ ರಾಮಮೋಹನ್ ನಾಯ್ಡು ಅವರಿಗೆ ವಿಮಾನಯಾನ, ಜೆಡಿಯುನ ಲಲನ್ ಸಿಂಗ್ ಅವರಿಗೆ ಪಂಚಾಯತ್ ರಾಜ್ ಮತ್ತು ಮೀನುಗಾರಿಕೆ, ಪಶುಸಂಗೋಪನೆ. 36 ವರ್ಷದ ನಾಯ್ಡು ಸಂಪುಟದಲ್ಲೇ ಕಿರಿಯರು, ಅದು ಒಳ್ಳೆಯದೇ.

ಹಳೇ ಜನತಾ

ದಿನ ಎಣಿಸಿದರೆ ನೀವು ಸರಿ. ನಾನು ಹೇಳಿದ್ದು ಆ ಕೋಣೆಯಲ್ಲಿ ನಡೆಯುವ ಮಾತಿನ ಬಗ್ಗೆ. ಹತ್ತೂವರೆ ತಿಂಗಳಾದರೂ ಅಲ್ಲಿ ಜಗಳ ಜೋರಾಗಿ ನಡೀತಿತ್ತು, ಅದು ಹೊರಗೂ ಕೇಳಿಸುತ್ತಿತ್ತು. ಈಗ ಬಾಗಿಲಿಗೆ ಕಿವಿ ಇಟ್ಟರೂ ಏನೂ ಕೇಳಲ್ಲ.

ಚುರುಮುರಿ

ಎಸಿ ರೂಮು ಅಣ್ಣಾ, ಬಾಗಿಲು ಭದ್ರ.

ಕಿಟಕಿ ಸೀಟು

ಹಾಗಾದರೆ ಚಂದ್ರಬಾಬು, ನಿತೀಶ್ ಇಬ್ಬರೂ ಅಷ್ಟು ಸುಲಭಕ್ಕೆ ಯಾಕೆ ಒಪ್ಪಿದರು? ಇಬ್ಬರೂ ಮೊನ್ನೆ ಮೊನ್ನೆ ರಾಜಕೀಯಕ್ಕೆ ಬಂದವರಲ್ಲ. 1998ರಲ್ಲಿ 12 ಸಂಸದರನ್ನು ಇಟ್ಟುಕೊಂಡು ಬಾಲಯೋಗಿ ಅವರನ್ನು ಸ್ಪೀಕರ್ ಮಾಡಿಸಿದವರು ಚಂದ್ರಬಾಬು.

ನಿವೃತ್ತ ಗುಮಾಸ್ತ

ಒಳ್ಳೆಯ ಪ್ರಶ್ನೆ. ನನ್ನ ಅಂದಾಜು ಹೇಳ್ತೀನಿ, ತಪ್ಪಿದ್ದರೆ ಬೈಯಿರಿ. ಅವರಿಬ್ಬರಿಗೂ ದೆಹಲಿಯ ಕುರ್ಚಿ ಬೇಡ, ತಮ್ಮ ಊರಿಗೆ ದುಡ್ಡು ಬೇಕು. ಚಂದ್ರಬಾಬುಗೆ ರಾಜಧಾನಿ ಅಮರಾವತಿ ಕಟ್ಟಬೇಕು, ನಿತೀಶ್‌ಗೆ ಮುಂದಿನ ವರ್ಷ ಬಿಹಾರದ ಚುನಾವಣೆ. ರೈಲ್ವೆ ತಗೊಂಡರೆ ಅಪಘಾತ ಆದಾಗಲೆಲ್ಲ ರಾಜೀನಾಮೆ ಕೇಳ್ತಾರೆ. ಮೊದಲಿನ ಹಾಗೆ ಬೇರೆ ರೈಲ್ವೆ ಬಜೆಟ್ಟೂ ಇಲ್ಲ, 2017ರಲ್ಲಿ ಅದನ್ನು ಸಾಮಾನ್ಯ ಬಜೆಟ್ಟಿಗೆ ಸೇರಿಸಿಬಿಟ್ಟರು. ಜಾಫರ್ ಷರೀಫ್ ಕಾಲದಲ್ಲಿ ರೈಲ್ವೆ ಮಂತ್ರಿ ತನ್ನ ಬಜೆಟ್ ತಾನೇ ಓದುತ್ತಿದ್ದರು, ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡುವ ಕೆಲಸವನ್ನು ದೇಶದ ತುಂಬ ಹಿಡಿದರು, ನಮ್ಮ ರಾಜ್ಯಕ್ಕೂ ಅದು ಬಂತು. ಈಗ ಆ ಖಾತೆಯಲ್ಲಿ ಆ ಗತ್ತು ಉಳಿದಿಲ್ಲ. ದುಡ್ಡು ಎಲ್ಲ ಒಂದೇ ಬಾಗಿಲಿನಿಂದ ಬರುವಾಗ ಆ ಬಾಗಿಲ ಹತ್ತಿರ ನಿಂತುಕೊಳ್ಳುವುದು ಬುದ್ಧಿವಂತಿಕೆ. ಜುಲೈ ಬಜೆಟ್ ಬರಲಿ, ನೋಡಿ.

ಕಿಟಕಿ ಸೀಟು (ಜುಲೈ 4)

ಸಮಿತಿ ಪಟ್ಟಿ ನಿನ್ನೆ ಬಂತು. ಗುಮಾಸ್ತರು ಹೇಳಿದ್ದಕ್ಕೆ ಇದನ್ನೇ ಕಾಯುತ್ತಿದ್ದೆ. ಭದ್ರತಾ ಸಮಿತಿಯಲ್ಲಿ ಪ್ರಧಾನಿ, ರಾಜನಾಥ್, ಶಾ, ನಿರ್ಮಲಾ, ಜೈಶಂಕರ್. ಅಲ್ಲಿ ಮಿತ್ರಪಕ್ಷದವರು ಸೊನ್ನೆ. ನೇಮಕಾತಿ ಸಮಿತಿಯಲ್ಲಿ ಅದೇ ಇಬ್ಬರು. ರಾಜಕೀಯ ವ್ಯವಹಾರಗಳ ಸಮಿತಿಯಲ್ಲಿ ರಾಮಮೋಹನ್ ನಾಯ್ಡು, ಮಾಂಝಿ. ಆರ್ಥಿಕ ವ್ಯವಹಾರಗಳ ಸಮಿತಿಯಲ್ಲಿ ಕುಮಾರಸ್ವಾಮಿ, ಲಲನ್ ಸಿಂಗ್!

ನಿವೃತ್ತ ಗುಮಾಸ್ತ

ಕುಮಾರಸ್ವಾಮಿ ಆರ್ಥಿಕ ಸಮಿತಿಗೆ ಬಂದದ್ದು ನಾನು ಅಂದುಕೊಂಡಿದ್ದಕ್ಕಿಂತ ಒಳ್ಳೆಯದು. ಬೆಂಬಲ ಬೆಲೆ, ದೊಡ್ಡ ರೈಲು ಮಾರ್ಗ, ಹೆದ್ದಾರಿ, ಸಾರ್ವಜನಿಕ ಉದ್ದಿಮೆಗಳ ಹೂಡಿಕೆ ಎಲ್ಲ ಅಲ್ಲಿಗೇ ಬರುತ್ತೆ. ಬೇರೆ ಇಲಾಖೆಯ ಕಡತವನ್ನು ಅವರೂ ಓದಬಹುದು, ಒಂದು ಮಾತು ಹೇಳಬಹುದು. ಇವತ್ತು ನಿಮ್ಮ ಕಡತಕ್ಕೆ ನಾನು ತಲೆ ಆಡಿಸಿದರೆ ನಾಳೆ ನನ್ನದಕ್ಕೆ ನೀವು. ಸಂಪುಟ ನಡೆಯುವುದೇ ಹೀಗೆ.

ಸಮಿತಿ ಪಟ್ಟಿ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ನೆನಪು. 2019ರ ಜೂನ್ 6ಕ್ಕೆ ಬೆಳಿಗ್ಗೆ ಬಂದ ಪಟ್ಟಿಯಲ್ಲಿ ರಾಜನಾಥ್ ಸಿಂಗ್ ಹೆಸರು ಎರಡೇ ಸಮಿತಿಯಲ್ಲಿ ಇತ್ತು. ಶಾ ಹೆಸರು ಎಂಟರಲ್ಲೂ. ದಿನವಿಡೀ ಚರ್ಚೆ ಆಯಿತು. ರಾತ್ರಿ ಇನ್ನೊಂದು ಪಟ್ಟಿ ಬಂತು, ಅದರಲ್ಲಿ ರಾಜನಾಥ್ ಆರು ಸಮಿತಿಯಲ್ಲಿ. ಪ್ರಮಾಣವಚನದಲ್ಲಿ ಎರಡನೆಯವರು, ಲೋಕಸಭೆಯಲ್ಲಿ ಉಪನಾಯಕರು, ಆದರೂ ಒಂದು ಟೈಪ್ ಮಾಡಿದ ಹಾಳೆಯಲ್ಲಿ ಹೆಸರು ಇಲ್ಲದಿದ್ದಕ್ಕೆ ದೆಹಲಿ ಒಂದು ದಿನ ನಿದ್ದೆ ಮಾಡಲಿಲ್ಲ.

ಮಲೆನಾಡ ಮಳೆ

ಸಮಿತಿ ಸುದ್ದಿ ಸೋದರಮಾವನಿಗೆ ಓದಿ ಹೇಳಿದೆ. 'ಸಮಿತಿ ಅಂದ್ರೆ ಇನ್ನೊಂದು ಮೀಟಿಂಗಾ?' ಅಂದ.

ಬಯಲುಸೀಮೆ (ಜುಲೈ 23, ರಾತ್ರಿ)

ಬಜೆಟ್ ಮುಗೀತು. ನಿರ್ಮಲಾ ಅವರದು ಸತತ ಏಳನೆಯದು, ಮೊರಾರ್ಜಿ ದೇಸಾಯಿ ಅವರ ಸತತ ಆರರ ದಾಖಲೆ ಹೋಯಿತು. ಅಮರಾವತಿಗೆ ಈ ವರ್ಷ 15,000 ಕೋಟಿ ಏರ್ಪಾಟು. ಬಿಹಾರದ ರಸ್ತೆಗಳಿಗೆ 26,000 ಕೋಟಿ. ಭಾಷಣ ಪೂರ್ತಿ ಕೇಳಿದೆ, ಅನ್ನ ತಣ್ಣಗಾಯಿತು, ಭದ್ರಾ ಅನ್ನುವ ಹೆಸರು ಕಿವಿಗೆ ಬೀಳಲಿಲ್ಲ.

ಕಿಟಕಿ ಸೀಟು

ಗುಮಾಸ್ತರೇ, ನಿಮ್ಮನ್ನು ಬೈಯುವ ಹಾಗಿಲ್ಲ ಈಗ. ವಿಮಾನಯಾನ ಮತ್ತು ಮೀನುಗಾರಿಕೆ ತಗೊಂಡವರು ಗೆದ್ದರು. ಐದು ಮಂತ್ರಿ ತಗೊಂಡ ನಾವು ಫೋಟೋ ತಗೊಂಡೆವು.

ಪಕ್ಕಾ ಲೆಕ್ಕ

ನಿಧಾನ. ಅಮರಾವತಿಯದು ಪುಕ್ಕಟೆ ಹಣ ಅಲ್ಲ, ಅಂತಾರಾಷ್ಟ್ರೀಯ ಸಂಸ್ಥೆಗಳ ಮೂಲಕ ಕೊಡಿಸುವ ನೆರವು ಅಂತ ಭಾಷಣದಲ್ಲೇ ಇದೆ. ಆದರೂ ನಿಮ್ಮ ಮಾತು ಸರಿ. 16 ಸಂಸದರ ಬೆಲೆ ಮತ್ತು 2 ಸಂಸದರ ಬೆಲೆ ಒಂದೇ ಆಗಲ್ಲ, ಕುರ್ಚಿಯ ಸಾಲಿನಲ್ಲಿ ಯಾರು ಮುಂದೆ ಕೂತರೂ. ನಮ್ಮ ರಾಜ್ಯದ 28 ಸಂಸದರಲ್ಲಿ 17 ಬಿಜೆಪಿ. ಅವರು ಹೆದರಿಸಿ ಕೇಳುವ ಹಾಗಿಲ್ಲ, ಸ್ವಂತ ಮನೆಯಲ್ಲಿ ಇರುವವರು ಮನೆ ಖಾಲಿ ಮಾಡ್ತೀನಿ ಅಂತಾರಾ?

ಓದುಗಿ (ಆಗಸ್ಟ್ 2)

ಒಂದು ಸುದ್ದಿ ನಿಮ್ಮ ಪಟ್ಟಿಗೆ. ಹೋದ ವರ್ಷ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಬೇಕು ಅಂತ ರಾಜ್ಯ ಕೇಳಿದಾಗ, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ತನ್ನ ಗೋದಾಮಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರಲ್ಲ ಅಂತ ಕೇಂದ್ರ ಆದೇಶ ಮಾಡಿತ್ತು, ನೆನಪಿದೆಯಾ? ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ರಾಜ್ಯ ಅಕ್ಕಿ ಬದಲು ದುಡ್ಡು ಹಾಕಿತು. ಈಗ ಆಹಾರ ಸಚಿವರು ನಮ್ಮ ಪ್ರಲ್ಹಾದ್ ಜೋಶಿ. ಹರಾಜಿಲ್ಲದೆ ಕಿಲೋಗೆ 28 ರೂಪಾಯಿಯಂತೆ ಯಾವ ರಾಜ್ಯ ಬೇಕಾದರೂ ತಗೊಳ್ಳಬಹುದು ಅಂತ ಹೇಳಿದ್ದಾರೆ. ಇಷ್ಟು ದಿನ ಈ ಚರ್ಚೆಯಲ್ಲಿ ಅವರ ಹೆಸರೇ ಯಾರೂ ಎತ್ತಿರಲಿಲ್ಲ.

ನಿವೃತ್ತ ಗುಮಾಸ್ತ

ಗೋದಾಮು ತುಂಬಿದೆ, ಹೊಸ ಬೆಳೆ ಬರುವ ಮೊದಲು ಖಾಲಿ ಮಾಡಬೇಕು. ಅದೂ ಒಂದು ಕಾರಣ. ಜೋಶಿಯವರೊಬ್ಬರ ಸಹಿಯಿಂದಲೇ ಆಯಿತು ಅಂತ ನಾನು ಹೇಳಲ್ಲ. ಆದರೆ ಆಹಾರ ಇಲಾಖೆಯಲ್ಲಿ ಸಂಗ್ರಹ ಜಾಸ್ತಿ ಆದಾಗ ಸಚಿವರ ಮಾತು ಬೇಗ ನಡೆಯುತ್ತೆ, ಇದು ನಿಜ.

ಕಿಟಕಿ ಸೀಟು

ಪಟ್ಟಿಯಲ್ಲಿ ಜೋಶಿಯವರನ್ನು ಎರಡು ಸಾಲು ಮೇಲಕ್ಕೆ ಹಾಕಿದೆ. ಕುಮಾರಸ್ವಾಮಿ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ 'ಭದ್ರಾವತಿ?' ಅಂತ ಬರೆದಿದ್ದೇನೆ. ಸೋಮಣ್ಣ ಅವರ ಜಾಗ ಖಾಲಿ ಬಿಟ್ಟಿದ್ದೇನೆ, ಬಯಲುಸೀಮೆಯವರು ಚಿತ್ರದುರ್ಗದಲ್ಲಿ ತುಮಕೂರಿಗೆ ನೇರ ರೈಲು ಹತ್ತಿದ ದಿನ ಹೇಳಲಿ.

ಬಯಲುಸೀಮೆ

ಪೆನ್ಸಿಲ್ ಇಟ್ಟುಕೊಂಡಿರಿ, ರಬ್ಬರ್ ಕೂಡ.